ಗ್ಯಾರೇಜಿನಲ್ಲಿ ಇದ್ದದ್ದು

ಕೌಸ್ತುಭನಿಗೆ ಹಾವು ಕಚ್ಚಿದ್ದು ಪಪುವಾ ನ್ಯೂಗಿನಿಗೆ ಸೇರಿದ ಒಂದು ಸಣ್ಣ ದ್ವೀಪದಲ್ಲಿ. ಅವನು ಭೂವಿಜ್ಞಾನಿ. ಪರ್ತ್‌ನ ಒಂದು ಗಣಿ ಕಂಪನಿಯ ಕೆಲಸದ ಮೇಲೆ ಕೆಲವು ವಾರ ಅಲ್ಲಿ, ಕೆಲವು ವಾರ ಮನೆಯಲ್ಲಿ ಇರುತ್ತಿದ್ದ. ನೆಲ ಕೊರೆದು ತೆಗೆದ ಕಲ್ಲಿನ ಉದ್ದುದ್ದ ತುಂಡುಗಳನ್ನು ತಗಡಿನ ಟ್ರೇಗಳಲ್ಲಿ ಜೋಡಿಸಿ ಅಲ್ಲೊಂದು ಶೆಡ್ಡಿನಲ್ಲಿ ಇಡುತ್ತಿದ್ದರು. ನವೆಂಬರಿನ ಒಂದು ಮಧ್ಯಾಹ್ನ, ಮಳೆ ನಿಂತ ಮೇಲೆ, ತೀರ ಕೆಳಗಿದ್ದ ಟ್ರೇ ಎಳೆಯಲು ಅವನು ಕೈ ತೂರಿಸಿದ. ಹೆಬ್ಬೆರಳಿನ ಬುಡಕ್ಕೆ ಏನೋ ಬಡಿದ ಹಾಗಾಯಿತು. ಕೈ ಹೊರಗೆಳೆದಾಗ ಗಿಡ್ಡನೆಯ, ದಪ್ಪನೆಯ, ಒಣ ತೆಂಗಿನ ಸಿಪ್ಪೆಯ ಬಣ್ಣದ ಹಾವೊಂದು ಮೆಲ್ಲಗೆ ಟ್ರೇಗಳ ಸಂದಿಗೆ ಸರಿದುಹೋಯಿತು.

ಜೊತೆಗಿದ್ದ ಕೆಲಸಗಾರ ಅದನ್ನು ನೋಡಿ ಡೆತ್ ಆಡರ್ ಅಂದ. ಆ ಹೆಸರು ಆ ಕಡೆ ಎಲ್ಲರಿಗೂ ಗೊತ್ತು. ಅದು ಕಚ್ಚಿದರೆ ಮೊದಲು ಕಣ್ಣಿನ ರೆಪ್ಪೆ ಜೋಲುತ್ತದೆ, ಆಮೇಲೆ ನಾಲಗೆ ತೊದಲುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಕೌಸ್ತುಭನ ತೋಳಿಗೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ, ಅಲುಗಾಡಬೇಡ ಎಂದು ಹೇಳಿ, ಕ್ಯಾಂಪಿನ ಪುಟ್ಟ ಕ್ಲಿನಿಕ್ಕಿನಲ್ಲಿ ಮಲಗಿಸಿದರು. ಡಾಕ್ಟರು ದ್ವೀಪದ ಇನ್ನೊಂದು ತುದಿಯಲ್ಲಿದ್ದರು. ಮಳೆಗೆ ರಸ್ತೆ ಕೊಚ್ಚಿಹೋಗಿತ್ತು.

ಮಲಗಿದ್ದಲ್ಲಿಂದಲೇ ಅವನು ಹೆಂಡತಿಗೆ ಫೋನ್ ಮಾಡಿದ. ಶರ್ವಾಣಿಯೂ ಡಾಕ್ಟರೇ. ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ ಮನೆ, ಹತ್ತಿರದಲ್ಲೇ ಕ್ಲಿನಿಕ್, ಒಬ್ಬಳು ಮಗಳು, ಕೃತಿ. ಆಗ ಅವಳು ರೋಗಿಗಳ ನಡುವೆ ಇದ್ದಳು.

"ಶರ್ವಾಣಿ, ಹಾವು ಕಚ್ಚಿದೆ. ಡೆತ್ ಆಡರ್ ಅಂತಿದ್ದಾರೆ. ಕೃತೀನ ಚೆನ್ನಾಗಿ ನೋಡ್ಕೋ."

"ಎಷ್ಟೊತ್ತಾಯ್ತು? ರೆಪ್ಪೆ ಎತ್ತೋಕಾಗತ್ತಾ? ಒಂದ್ಸಲ ಎಂಜಲು ನುಂಗು ನೋಡೋಣ."

"ಆಗತ್ತೆ."

"ಒಂದು ವಸ್ತು ಎರಡಾಗಿ ಕಾಣ್ತಿದೆಯಾ?"

"ಇಲ್ಲ. ನಾನು ಹೇಳಿದ್ದು ನಿನಗೆ ಕೇಳಿಸ್ತಾ?"

"ಕೇಳಿಸ್ತು. ಮಾತಾಡಿ ಸುಸ್ತಾಗಬೇಡ. ಪಕ್ಕದಲ್ಲಿ ಯಾರಿದ್ದಾರೆ, ಅವರಿಗೆ ಫೋನ್ ಕೊಡು."

ಅವಳು ನರ್ಸಿನ ಹತ್ತಿರ ಮಾತಾಡಿದಳು. ಮತ್ತೆ ಫೋನ್ ಅವನ ಕೈಗೆ ಬರುವಷ್ಟರಲ್ಲಿ ಸಿಗ್ನಲ್ ಹೋಗಿತ್ತು. ಅಲ್ಲಿಂದ ಮುಂದೆ ಡಾಕ್ಟರು ಬರುವವರೆಗೂ ಕೌಸ್ತುಭ ಸೂರಿನ ತಗಡನ್ನು ನೋಡುತ್ತ, ರೆಪ್ಪೆ ಬಡಿಯುತ್ತ, ಪ್ರತಿ ಉಸಿರೂ ಕೊನೆಯದೇನೋ ಎಂದು ಕಾಯುತ್ತ ಮಲಗಿದ್ದ.

ಬೆಳಕಿರುವಾಗಲೇ ಡಾಕ್ಟರು ಬಂದರು. ಬ್ಯಾಂಡೇಜ್ ಬಿಚ್ಚಿ ಗಾಯ ನೋಡಿದರು. ಎರಡು ವಿಷದ ಹಲ್ಲಿನ ಗುರುತಿರಲಿಲ್ಲ. ಸಣ್ಣ ಸಣ್ಣ ಚುಕ್ಕೆಗಳು ಕಮಾನಿನ ಹಾಗೆ ಸಾಲಾಗಿದ್ದವು. ಅವರು ಕುರ್ಚಿ ಎಳೆದುಕೊಂಡು ಕೂತು, ಇದು ಬೋವಾ ಜಾತಿಯದು ಅಂದರು. ಮರ ಹತ್ತುವುದಿಲ್ಲ, ನೆಲದ ಮೇಲೆ ತರಗೆಲೆ, ತೆಂಗಿನ ಸಿಪ್ಪೆಯ ಕೆಳಗೆ ಅಡಗಿರುತ್ತದೆ. ನೋಡಲು ಥೇಟ್ ಡೆತ್ ಆಡರ್. ವಿಷ ಮಾತ್ರ ಇಲ್ಲ. ಮುನ್ನೆಚ್ಚರಿಕೆಗೆ ಒಂದು ರಾತ್ರಿ ಇಲ್ಲೇ ಇರಿ, ಅಷ್ಟೇ ಅಂದರು.

ಆ ಸುದ್ದಿ ಬಂದಾಗ ಶರ್ವಾಣಿ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಫೋನಿನಲ್ಲಿ ಗಂಡನಿಗೆ ಅಂದದ್ದು ಇಷ್ಟೇ: "ನಮ್ಮ ಕಡೆ ಮಣ್ಣುಮುಕ್ಕ ಹಾವನ್ನ ಕೊಳಕುಮಂಡಲ ಅಂದ್ಕೊಂಡು ಹೊಡೀತಾರಲ್ಲ, ಹಾಗಾಯ್ತು ನಿನ್ನ ಕಥೆ."

ಅವನು ನಗಲಿಲ್ಲ.

ವರ್ಷದ ಕೊನೆಗೆ ಆ ದ್ವೀಪದ ಕೆಲಸ ಮುಗಿಯಿತು. ಕೌಸ್ತುಭ ಮನೆಗೆ ಬಂದ. ಅವನ ಬೂಟು, ಟಾರ್ಪಾಲು, ಕಲ್ಲಿನ ಚೀಲಗಳು, ಹಾಸಿಗೆಯ ಕ್ಯಾನ್ವಾಸ್ ಎಲ್ಲ ಒಂದು ಮರದ ಪೆಟ್ಟಿಗೆಯಲ್ಲಿ ಹಡಗಿನ ಮೇಲೆ ಹಿಂದಿನಿಂದ ಬಂದವು. ಪೆಟ್ಟಿಗೆಯನ್ನು ಗ್ಯಾರೇಜಿನ ಮೂಲೆಯಲ್ಲಿ, ಲಾಂಡ್ರಿಯ ಗೋಡೆಗೆ ಒತ್ತಿ ಇಟ್ಟರು. ಮೇಲೆ ಮೇಲೆ ಒಂದೆರಡು ಸಾಮಾನು ತೆಗೆದದ್ದು ಬಿಟ್ಟರೆ ಯಾರೂ ಅದನ್ನು ಪೂರ್ತಿ ಬಿಚ್ಚಲಿಲ್ಲ. ಅಲ್ಲಿ ಅದು ಬೇಸಿಗೆ, ಬಿಸಿಲಿಗೆ ಹೊರಗೆ ಕಾಲಿಡುವ ಹಾಗಿರಲಿಲ್ಲ.

ಫೆಬ್ರವರಿಯಲ್ಲಿ ಒಂದು ಸಂಜೆ ಶರ್ವಾಣಿ ಕ್ಲಿನಿಕ್ಕಿನಿಂದ ಬಂದಾಗ ಗಂಡ ಲಾಂಡ್ರಿಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಪೊರಕೆ.

"ಅದು ಇಲ್ಲಿದೆ."

"ಯಾವುದು?"

"ಅದೇ. ವಾಷಿಂಗ್ ಮಷಿನ್ ಹಿಂದೆ ಹೋಯ್ತು."

ಅವಳು ಟಾರ್ಚ್ ಹಾಕಿ ನೋಡಿದಳು. ಒದ್ದೆ ಗೋಡೆ, ಬಟ್ಟೆಯ ಜುಂಗು, ಕೃತಿಯ ಕಳೆದುಹೋದ ಒಂದು ಕಾಲುಚೀಲ. ಗೋಡೆಯ ಬುಡದಲ್ಲಿ ಪೈಪಿಗೆಂದು ಕೊರೆದ ತೂತು ಗ್ಯಾರೇಜಿನ ಕಡೆಗಿತ್ತು. ಇಬ್ಬರೂ ಗ್ಯಾರೇಜಿಗೂ ಹೋಗಿ ನೋಡಿದರು. ಏನೂ ಇರಲಿಲ್ಲ.

"ಬಾಬ್‌ಟೇಲ್ ಇರಬಹುದು" ಅಂದಳು ಶರ್ವಾಣಿ. ಪರ್ತ್‌ನ ಹಿತ್ತಲುಗಳಲ್ಲಿ ಓಡಾಡುವ ಗಿಡ್ಡ ಬಾಲದ ದಪ್ಪ ಹಲ್ಲಿ ಅದು.

"ಬಾಬ್‌ಟೇಲ್‌ಗೆ ಕಾಲಿರತ್ತೆ."

ಆ ವಾರವೇ ಇನ್ನೊಮ್ಮೆ ಕಂಡೆ ಎಂದ. ಆಮೇಲೆ ಕಾಣುವುದಕ್ಕಿಂತ ಕೇಳುವುದು ಹೆಚ್ಚಾಯಿತು. ಸಿಮೆಂಟ್ ನೆಲದ ಮೇಲೆ ಗೋಣಿ ಎಳೆದ ಹಾಗೆ ಸದ್ದು, ಅದರ ಮೈ ಒರಟು ಅಂತ ಹೇಳುತ್ತಿದ್ದ. ಗ್ಯಾರೇಜಿನ ನೆಲಕ್ಕೆ ಅವನು ರಾಗಿ ಹಿಟ್ಟು ಉದುರಿಸಿದ. ಬೆಳಗ್ಗೆ ಹಿಟ್ಟಿನ ನಡುವೆ ಒಂದು ಅಗಲವಾದ ಗೆರೆ ಇತ್ತು. ಅವನು ಶರ್ವಾಣಿಯನ್ನು ಕರೆದು ತೋರಿಸಿದ. ಹಿಂದಿನ ಸಂಜೆ ಕೃತಿ ಸೈಕಲ್ ಎಳೆದುಕೊಂಡು ಹೋಗಿದ್ದಳು ಅಂತ ಅವಳಿಗೆ ಗೊತ್ತಿತ್ತು.

"ಇದು ಟೈರ್ ಗುರುತು, ಕೌಸ್ತುಭ್."

"ಟೈರ್ ಹೀಗೆ ಅಂಕುಡೊಂಕಾಗಿ ಹೋಗತ್ತಾ?"

"ಎಳ್ಕೊಂಡು ಹೋದ್ರೆ ಹೋಗತ್ತೆ."

ಅವನು ಗೆರೆಯನ್ನೇ ನೋಡುತ್ತ ಕುಕ್ಕರುಗಾಲಲ್ಲಿ ಕೂತಿದ್ದ. ಶರ್ವಾಣಿಗೆ ಆಗ ಹಾವಿನ ಭಯ ಆಗಲಿಲ್ಲ, ಅವನ ಬಗ್ಗೆ ಭಯ ಆಯಿತು. ಇಂಥ ರೋಗಿಗಳನ್ನು ಅವಳು ನೋಡಿದ್ದಳು. ಗಣಿ ಕುಸಿತದಲ್ಲಿ ಬದುಕಿ ಬಂದವರು, ಅಪಘಾತ ಕಂಡವರು. ಮೈ ಹಿಂದಕ್ಕೆ ಬಂದಿರುತ್ತದೆ, ಮನಸ್ಸು ಅಲ್ಲೇ ಉಳಿದಿರುತ್ತದೆ.

ಹದಿಹರೆಯದ ಕೃತಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಇಂಗ್ಲಿಷಿನಲ್ಲಿ. ಅಪ್ಪ ತನ್ನ ಶೂಗಳನ್ನು ದಿನಾ ಬೆಳಗ್ಗೆ ಕೊಡವಿ ಕೊಡುತ್ತಿದ್ದದ್ದನ್ನು ಸಹಿಸಿಕೊಂಡಳು. ಲಾಂಡ್ರಿಗೆ ಒಬ್ಬಳೇ ಹೋಗಬೇಡ ಅಂದಾಗಲೂ ಸುಮ್ಮನಿದ್ದಳು. ಒಂದು ದಿನ ಅಮ್ಮನ ಕಾರಿನಲ್ಲಿ ಕೂತು ಸೀಟ್ ಬೆಲ್ಟ್ ಹಾಕಿಕೊಳ್ಳುತ್ತ, "ಐ ಥಿಂಕ್ ಡ್ಯಾಡ್ ಈಸ್ ನಾಟ್ ವೆಲ್" ಅಂದಳು, ಮೆಲ್ಲಗೆ.

ಪರಿಚಯದ ಮನಃಶಾಸ್ತ್ರಜ್ಞೆಯೊಬ್ಬರ ಹತ್ತಿರ ಕರೆದುಕೊಂಡು ಹೋದರು. ಅವರು ಒಳ್ಳೆಯವರು. ನಿಮ್ಮ ಮೆದುಳು ಸುಳ್ಳು ಎಚ್ಚರಿಕೆ ಕೊಡುತ್ತಿದೆ ಅಂತ ವಿವರಿಸಿದರು. ಸ್ವಲ್ಪ ದಿನ ಆ ಮನೆಯಿಂದ ದೂರ ಇದ್ದರೆ ಒಳ್ಳೆಯದು ಅಂದರು. ಹಾಗಾಗಿ ಮಾರ್ಚಿನಲ್ಲಿ ಕೌಸ್ತುಭ ಬ್ರಿಸ್ಬೇನ್‌ನಲ್ಲಿದ್ದ ಅಕ್ಕನ ಮನೆಗೆ ಹೋದ.

ಅಕ್ಕ ಅಹಲ್ಯಾ ಮತ್ತು ಭಾವ ರಘುನಾಥ ಫಾರೆಸ್ಟ್ ಲೇಕ್‌ನಲ್ಲಿ ಇದ್ದರು. ಬೆಳಗ್ಗೆ ಭಾವನ ಜೊತೆ ಕೆರೆ ಸುತ್ತುವುದು, ಮಧ್ಯಾಹ್ನ ಮಲಗುವುದು, ಶನಿವಾರ ಅಕ್ಕನ ಜೊತೆ ಸನ್ನಿಬ್ಯಾಂಕಿನ ಅಂಗಡಿಗಳಿಗೆ ಹೋಗಿ ಬೆಂಡೆಕಾಯಿ, ನುಗ್ಗೆಕಾಯಿ ತರುವುದು. ಅಹಲ್ಯಾ ಒಂದು ದಿನ, "ಊರಿಗೆ ಹೋದಾಗ ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡ್ಸಿಬಿಡೋಣ ಕಣೋ" ಅಂದಳು.

"ಮಾಡಿಸೋಣ ಬಿಡು. ನಾನೇನೂ ಅದನ್ನ ಕೊಂದಿಲ್ಲ ಅಕ್ಕ. ಅದು ನನ್ನನ್ನ ಕೊಂದಿಲ್ಲ."

ಏಪ್ರಿಲಿನಲ್ಲಿ ಹಿತ್ತಲಿನ ಪ್ಯಾಟಿಯೋದ ತೊಲೆಯ ಮೇಲೆ ಕಾರ್ಪೆಟ್ ಪೈಥಾನ್ ಜಾತಿಯ ಒಂದು ಹೆಬ್ಬಾವು ಬಂದು ಸುತ್ತಿಕೊಂಡು ಮಲಗಿತು. ಬ್ರಿಸ್ಬೇನ್‌ನಲ್ಲಿ ಅದು ಸಾಮಾನ್ಯ. ಆದರೂ ತಮ್ಮನಿಗೆ ಹೇಗೆ ಹೇಳುವುದೆಂದು ಅಹಲ್ಯಾ ಯೋಚಿಸುತ್ತಿದ್ದಳು. ಕೌಸ್ತುಭ ತಾನೇ ಹೊರಗೆ ಬಂದು, ಕಾಫಿ ಲೋಟ ಹಿಡಿದುಕೊಂಡು, ಅದರ ಕೆಳಗೇ ನಿಂತು ನೋಡಿದ. ಚೆನ್ನಾಗಿದೆ ಅಂದ. ಒಳಗೆ ಬಂದು ಉಪ್ಪಿಟ್ಟು ತಿಂದ.

ಅಹಲ್ಯಾ ಅವತ್ತೇ ಶರ್ವಾಣಿಗೆ ಫೋನ್ ಮಾಡಿದಳು. "ಅವನಿಗೆ ಹಾವು ಕಂಡ್ರೆ ಭಯಾನೇ ಇಲ್ವಲ್ಲೇ."

"ಅಂದ್ರೆ ಗುಣ ಆಗ್ತಿದೆ ಅತ್ತಿಗೆ" ಅಂದಳು ಶರ್ವಾಣಿ.

ಬೇರೆ ಅರ್ಥವೂ ಇರಬಹುದು ಅಂತ ಇಬ್ಬರಿಗೂ ಹೊಳೆಯಲಿಲ್ಲ. ಆ ವಾರದ ಕೊನೆಗೆ ಕೌಸ್ತುಭ ತಾನಾಗಿಯೇ ಹೇಳಿದ: "ಪರ್ತ್‌ನಲ್ಲಿ ನಾನು ಏನೂ ನೋಡಿರಲಿಲ್ಲ ಅನ್ಸತ್ತೆ. ತಲೆ ಕೆಟ್ಟಿತ್ತು." ಮನಃಶಾಸ್ತ್ರಜ್ಞೆಗೂ ವಿಡಿಯೋದಲ್ಲಿ ಅದನ್ನೇ ಹೇಳಿದ. ಅವರಿಗೆ ಸಂತೋಷವಾಯಿತು. ಅಹಲ್ಯಾ ಒಬ್ಬಟ್ಟು ಮಾಡಿದಳು. ಅಷ್ಟರಲ್ಲಿ ಓದುವಾಗಿನ ಗೆಳೆಯ ಅಭಿಷೇಕ ಅಡಿಲೇಡ್‌ನಲ್ಲಿ ಒಂದು ಕೆಲಸ ತೋರಿಸಿದ. ಊರೂರು ಸುತ್ತುವುದಿಲ್ಲ, ಒಂದೇ ಕಡೆ ಕೂತು ಕಲ್ಲು ನೋಡಿ ಬರೆಯುವ ಕೆಲಸ. ವರ್ಷದ ಕೊನೆಯವರೆಗೆ. ಕೌಸ್ತುಭ ಬ್ರಿಸ್ಬೇನ್‌ನಿಂದ ನೇರ ಅಲ್ಲಿಗೆ ಹೋದ. ದಿನಾ ಸಂಜೆ ಮನೆಗೆ ಫೋನ್ ಮಾಡುತ್ತಿದ್ದ. ಕೃತಿಗೆ ಒಂದು ಮಾತು ತಪ್ಪದೆ ಹೇಳುತ್ತಿದ್ದ: ಶೂ ಒಳಗಿಡು ಮಗಳೇ, ಗ್ಯಾರೇಜಿನಲ್ಲಿ ಬಿಡಬೇಡ. ಅಪ್ಪನ ಹಳೇ ಅಭ್ಯಾಸ ಅಂತ ಅಮ್ಮ, ಮಗಳು ನಗುತ್ತಿದ್ದರು.

ಮೇ ತಿಂಗಳ ಮಧ್ಯದಲ್ಲಿ ಚಳಿ ಶುರುವಾಯಿತು. ಅಡಿಲೇಡ್‌ನಲ್ಲಿ ಇನ್ನೂ ಹೆಚ್ಚು ಅಂದ ಕೌಸ್ತುಭ. ಅವನ ಹಾಸಿಗೆಯ ಕ್ಯಾನ್ವಾಸ್ ಒಳಗೆ ಒಳ್ಳೆಯ ಕಂಬಳಿ ಇದೆ, ಒಗೆದು ಕಳಿಸೋಣ ಅಂತ ಶರ್ವಾಣಿ ಒಂದು ಭಾನುವಾರ ಬೆಳಗ್ಗೆ ಗ್ಯಾರೇಜಿಗೆ ಹೋದಳು. ಬಾಗಿಲು ಪೂರ್ತಿ ಮೇಲೆತ್ತಿದ್ದಳು, ಬಿಸಿಲು ಒಳಗೆ ಬಿದ್ದಿತ್ತು. ಲಾಂಡ್ರಿಯ ಪೈಪು ಸೋರಿ ಪೆಟ್ಟಿಗೆಯ ಬುಡ ಒದ್ದೆಯಾಗಿತ್ತು. ಗೋಡೆಯಾಚೆಯ ಡ್ರೈಯರಿನ ಕಾವಿಗೆ ಬೆಚ್ಚಗೂ ಇತ್ತು. ಮಣ್ಣು, ಬೂಷ್ಟು, ಕೊಳೆತ ಎಲೆಯ ವಾಸನೆ. ಅವಳು ಕ್ಯಾನ್ವಾಸಿನ ತುದಿ ಹಿಡಿದು ಮಡಿಕೆ ಬಿಚ್ಚಿದಳು.

ಒಳಗೆ ಕಂದು ಬಣ್ಣದ ಶೂ ಲೇಸುಗಳು ಇದ್ದವು. ಇಷ್ಟೊಂದು ಲೇಸು ಯಾಕೆ ಇಟ್ಟಿದ್ದಾನೆ ಅಂದುಕೊಂಡಳು. ಒಂದು ಲೇಸು ತಲೆ ಎತ್ತಿತು.

ಇನ್ನೊಂದು ಮಡಿಕೆಯಲ್ಲಿ ಅದು ಇತ್ತು. ಗಿಡ್ಡನೆಯದು, ತೆಂಗಿನ ಸಿಪ್ಪೆಯ ಬಣ್ಣ, ಮೂತಿ ಸ್ವಲ್ಪ ಮೇಲಕ್ಕೆ ತಿರುಗಿತ್ತು. ಹೆತ್ತ ಮೈ, ಚರ್ಮ ಪಕ್ಕಗಳಲ್ಲಿ ಜೋಲುತ್ತಿತ್ತು. ಅದು ಅವಳ ಕಡೆ ಬರಲಿಲ್ಲ, ಓಡಲೂ ಇಲ್ಲ. ಮೆಲ್ಲಗೆ ಕ್ಯಾನ್ವಾಸಿನ ಇನ್ನೊಂದು ಮಡಿಕೆಗೆ ನುಸುಳಲು ನೋಡಿತು. ಬಟ್ಟೆಯ ಮೇಲೆ ಮೈ ಉಜ್ಜಿದ ಸದ್ದು ಬಂತು. ಗೋಣಿ ಎಳೆದ ಹಾಗೆ.

ಶರ್ವಾಣಿ ಕಿರುಚಲಿಲ್ಲ. ಕ್ಯಾನ್ವಾಸಿನ ತುದಿ ಕೈಯಲ್ಲಿ ಹಿಡಿದೇ ನಿಂತಿದ್ದಳು. ಅವನು ಈ ಮೂಲೆಯನ್ನೇ ತೋರಿಸಿದ್ದ. ಹಿಟ್ಟಿನ ಮೇಲಿನ ಗೆರೆ ಈ ಪೆಟ್ಟಿಗೆಯ ಕಡೆಗೇ ಬಂದಿತ್ತು.

ಫೋನ್ ಮಾಡಿದ ಮೇಲೆ, ಹೊರದೇಶದ ಜೀವಿಗಳನ್ನು ತಡೆಯುವ ಇಲಾಖೆಯಿಂದ ಒಬ್ಬ ಹೆಂಗಸು ಬಂದಳು. ಉದ್ದನೆಯ ಇಕ್ಕಳದಿಂದ ತಾಯಿಯನ್ನು ಎತ್ತಿ ಚೀಲಕ್ಕೆ ಹಾಕಿದಳು, ಮರಿಗಳನ್ನು ಒಂದೊಂದಾಗಿ ಡಬ್ಬಿಗೆ. ಅಲ್ಲೇ ಎರಡು ಒಣಗಿ ಸತ್ತಿದ್ದವು. ದ್ವೀಪಗಳ ನೆಲದ ಬೋವಾ ಇದು, ಈ ದೇಶದಲ್ಲಿ ಇರಕೂಡದು ಅಂದಳು. ತಿಂಗಳುಗಟ್ಟಲೆ ಊಟವಿಲ್ಲದೆ ಬದುಕುತ್ತದೆ, ಇಲ್ಲಿ ಇಲಿ, ಹಲ್ಲಿ ಸಿಕ್ಕಿರುತ್ತವೆ.

"ಇದನ್ನ ಏನು ಮಾಡ್ತೀರಿ?"

"ನೋವಾಗದ ಹಾಗೆ ಕೊಲ್ತೀವಿ. ಬೇರೆ ದಾರಿ ಇಲ್ಲ."

"ಅದು ಯಾರಿಗೂ ಏನೂ ಮಾಡಲ್ವಲ್ಲ."

"ನಿಮಗೆ ಮಾಡಲ್ಲ. ಇಲ್ಲಿನ ಜೀವಿಗಳಿಗೆ ಮಾಡತ್ತೆ, ರೋಗ ತರತ್ತೆ." ಅವಳು ಡಬ್ಬಿಯ ಮುಚ್ಚಳ ಬಿಗಿದಳು. "ಇದಕ್ಕೆ ಮೊದಲು ಯಾರಾದ್ರೂ ನೋಡಿದ್ರಾ?"

"ನನ್ನ ಗಂಡ ನೋಡಿದ್ರು. ಫೆಬ್ರವರಿಯಲ್ಲಿ."

"ಆಗಲೇ ಯಾಕೆ ತಿಳಿಸಲಿಲ್ಲ?"

ಶರ್ವಾಣಿ, "ನಾವು ನಂಬಲಿಲ್ಲ" ಅಂದಳು.

ಮರಿ ಎಲ್ಲ ಸಿಕ್ಕವೇ ಅಂತ ಕೇಳಿದಳು. ಹೇಳಲಾಗುವುದಿಲ್ಲ, ಒಂದೆರಡು ತಪ್ಪಿಸಿಕೊಂಡಿರಬಹುದು, ಪರ್ತ್‌ನ ಚಳಿಗಾಲ ಅವು ತಡೆಯುವುದಿಲ್ಲ ಅಂದಳು ಅಧಿಕಾರಿ. ವ್ಯಾನಿನ ಬಾಗಿಲು ಹಾಕಿಕೊಂಡು ಹೋದಳು.

ಕೃತಿ ಮೆಟ್ಟಿಲ ಮೇಲೆ ಕೂತು ಎಲ್ಲ ನೋಡಿದ್ದಳು. "ವಿ ಹ್ಯಾವ್ ಟು ಟೆಲ್ ಹಿಮ್" ಅಂದಳು.

ಅಹಲ್ಯಾ ಮಾತ್ರ ಫೋನಿನಲ್ಲಿ ಬೇಡ ಅಂದಳು. "ಈಗ ತಾನೇ ಸರಿಹೋಗಿದ್ದಾನೆ. ಹಾವು ಹೋಯ್ತಲ್ಲ, ಇನ್ಯಾಕೆ ಅದರ ಮಾತು? ಮತ್ತೆ ಶುರುವಾದ್ರೆ ಯಾರು ನೋಡ್ಕೊಳ್ಳೋರು?" ಅತ್ತಿಗೆಯ ಮಾತಿನಲ್ಲಿ ಅರ್ಥವಿತ್ತು. ಹಾವು ಇರಲಿಲ್ಲ ಅಂತ ನಂಬಿಯೇ ಅವನು ಗುಣವಾಗಿದ್ದ. ಶರ್ವಾಣಿ ಒಂದು ವಾರ ಏನೂ ಹೇಳಲಿಲ್ಲ. ಆ ವಾರ ಪ್ರತಿ ಸಂಜೆ ಅವನು ಫೋನ್ ಮಾಡಿದ, ಪ್ರತಿ ಸಂಜೆ ಶೂ ವಿಷಯ ಬಂತು. ಕೃತಿ ಫೋನನ್ನು ಅಮ್ಮನ ಕೈಗೆ ಕೊಟ್ಟು ಎದ್ದುಹೋಗುತ್ತಿದ್ದಳು. ಶುಕ್ರವಾರ ಶರ್ವಾಣಿ ಅಡಿಲೇಡ್‌ಗೆ ಟಿಕೆಟ್ ತೆಗೆದಳು.

ಕೌಸ್ತುಭ ಏರ್‌ಪೋರ್ಟಿಗೆ ಬಂದಿದ್ದ. ಸ್ವಲ್ಪ ಮೈ ತುಂಬಿಕೊಂಡಿದ್ದ. ದಾರಿಯಲ್ಲಿ ಆಫೀಸಿನ ಸುದ್ದಿ ಹೇಳಿದ. ಅವನ ಬಾಡಿಗೆ ಮನೆ ಚಿಕ್ಕದು, ಚೊಕ್ಕಟ. ಒಳಗೆ ಕಾಲಿಟ್ಟಾಗ ಶರ್ವಾಣಿಯ ಕಣ್ಣಿಗೆ ಮೊದಲು ಬಿದ್ದದ್ದು ನೆಲ. ಜಮಖಾನ ಇಲ್ಲ, ಪೆಟ್ಟಿಗೆ ಇಲ್ಲ, ಮೂಲೆಯಲ್ಲಿ ಒಂದು ಚೀಲವೂ ಇಲ್ಲ. ಮಂಚದ ಕೆಳಗೆ ಈ ಕಡೆಯಿಂದ ಆ ಕಡೆಗೆ ಬಯಲು. ಶೂಗಳನ್ನು ಗೋಡೆಯ ಮೊಳೆಗೆ ನೇತುಹಾಕಿದ್ದ.

ಅವನು ಅನ್ನಕ್ಕೆ ಇಟ್ಟು, ಸಾರಿಗೆ ಟೊಮೆಟೊ ಹೆಚ್ಚುತ್ತಿದ್ದ. ಅವಳು ಬಾಗಿಲಿಗೆ ಒರಗಿ ನಿಂತು ಹೇಳಿದಳು.

"ಕೌಸ್ತುಭ್, ಹಾವು ಇತ್ತು. ಪೆಟ್ಟಿಗೆಯಲ್ಲಿ. ಹೋದ ಭಾನುವಾರ ನಾನೇ ನೋಡ್ದೆ. ಹಿಡ್ಕೊಂಡು ಹೋದ್ರು."

ಅವನ ಚಾಕು ನಿಂತಿತು. ತಿರುಗಲಿಲ್ಲ.

"ಮರಿ ಹಾಕಿತ್ತಾ?"

"ಹೂಂ."

"ಹೊಟ್ಟೆ ದಪ್ಪ ಇತ್ತು. ಆವಾಗಲೇ ಅಂದ್ಕೊಂಡೆ."

ಅವನ ದನಿಯಲ್ಲಿ ಆಶ್ಚರ್ಯವಿರಲಿಲ್ಲ. ಶರ್ವಾಣಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು.

"ನಿನಗೆ ಗೊತ್ತಿತ್ತು."

"ನಾನು ನೋಡಿದ್ನಲ್ಲ."

"ಮತ್ತೆ ಬ್ರಿಸ್ಬೇನ್‌ನಲ್ಲಿ ಇದ್ದಾಗ ಏನೂ ನೋಡಿರ್ಲಿಲ್ಲ ಅಂದ್ಯಲ್ಲ. ಡಾಕ್ಟರ ಹತ್ರಾನೂ ಅಂದೆ."

"ಅಕ್ಕ ದಿನಾ ನನ್ನ ಮುಖ ನೋಡ್ತಿದ್ಲು. ನೀನು ಫೋನಲ್ಲಿ ದನಿ ನೋಡ್ತಿದ್ದೆ. ಇರ್ಲಿಲ್ಲ ಅಂದ ದಿನ ಎಲ್ರೂ ನಿದ್ದೆ ಮಾಡಿದ್ರಿ." ಅವನು ಹೆಚ್ಚಿದ ಟೊಮೆಟೊ ಪಾತ್ರೆಗೆ ಹಾಕಿದ. "ಅದಕ್ಕೆ ವಿಷ ಇಲ್ಲ ಅಂತ ನನಗೂ ಗೊತ್ತು ಶರ್ವಾಣಿ. ಆದ್ರೆ ಆ ಕ್ಲಿನಿಕ್ಕಲ್ಲಿ ಮಲಗಿದ್ದಷ್ಟು ಹೊತ್ತು ಅದಕ್ಕೆ ವಿಷ ಇತ್ತು. ನಾನು ಸತ್ತೆ ಅಂತಾನೇ ಇದ್ದೆ. ನಿನಗೆ ಹೇಳೋಕೆ ಫೋನ್ ಮಾಡ್ದೆ. ನೀನು ರೆಪ್ಪೆ ಎತ್ತು ಅಂದೆ."

"ನನಗೆ ಇನ್ನೇನೂ ತೋಚಲಿಲ್ಲ."

"ಗೊತ್ತು."

"ಅವತ್ತು ಸಂಜೆ ಅಡುಗೆಮನೆ ನೆಲದ ಮೇಲೆ ಕೂತು ಅತ್ತೆ. ನಿನಗೆ ಹೇಳ್ಲಿಲ್ಲ."

ಅವನು ಆಗ ತಿರುಗಿದ. ಕುಕ್ಕರ್ ಕೂಗಿತು, ಇಬ್ಬರೂ ಆರಿಸಲು ಹೋಗಲಿಲ್ಲ. ಅವಳು ಅವನ ಹತ್ತಿರ ಹೋಗಿ ಕೈ ಹಿಡಿದಳು. ಹೆಬ್ಬೆರಳ ಬುಡದಲ್ಲಿ ಕಲೆಯೇನೂ ಉಳಿದಿರಲಿಲ್ಲ.

"ನೀನು ಹೇಳಿದ್ದು ನಾನು ನಂಬಬೇಕಾಗಿತ್ತು."

"ಆ ಗೆರೆ ಟೈರಿನ ಥರಾನೇ ಇತ್ತು ಬಿಡು" ಅಂದ ಅವನು. ಸಮಾಧಾನಕ್ಕೆ ಅಂದದ್ದು. ಅವಳಿಗೆ ಅದು ಹಾವಿಗಿಂತ ಹೆಚ್ಚು ಚುಚ್ಚಿತು. ಅವಳನ್ನು ಸಮಾಧಾನ ಮಾಡಲು ಕಣ್ಣಾರೆ ಕಂಡದ್ದನ್ನೂ ಬಿಟ್ಟುಕೊಡುವ ಅಭ್ಯಾಸ ಅವನಿಗೆ ಆಗಿಹೋಗಿತ್ತು.

ಶಾಲೆಯ ಚಳಿಗಾಲದ ರಜೆಗೆ ಕೌಸ್ತುಭ ಪರ್ತ್‌ಗೆ ಬಂದ. ಮೂವರೂ ಸೇರಿ ಗ್ಯಾರೇಜಿನ ಸಾಮಾನೆಲ್ಲ ಅಂಗಳಕ್ಕೆ ತಂದು ಹಾಕಿದರು. ಮರದ ಪೆಟ್ಟಿಗೆಯನ್ನು ಒಡೆದರು. ಪೈಪಿನ ತೂತನ್ನು ಸಿಮೆಂಟಿನಿಂದ ಮುಚ್ಚಿದರು. ಪೇಂಟ್ ಡಬ್ಬಿಗಳ ಹಿಂದೆ ಒಂದು ಮರಿ ಸಿಕ್ಕಿತು, ಒಣಗಿ ದಾರದಂತಾಗಿತ್ತು. ಕೃತಿ ಅದನ್ನು ಪೇಪರಿನಲ್ಲಿ ಎತ್ತಿ ಅಪ್ಪನಿಗೆ ತೋರಿಸಿ, "ಸಾರಿ, ಅಪ್ಪ" ಅಂದಳು. ಅವನು ಅವಳ ತಲೆ ಸವರಿ, ಮರಿಯನ್ನು ಬೇಲಿಯ ಬುಡದಲ್ಲಿ ಹೂತ. ಆ ರಜೆಯಲ್ಲಿ ಅವನು ಚೆನ್ನಾಗಿ ಮಲಗಿದ. ಅಡಿಲೇಡ್‌ನ ಕೆಲಸ ಡಿಸೆಂಬರಿನವರೆಗೆ ಇತ್ತು, ಹಿಂದಿರುಗಿ ಹೋದ.

ಆ ಭಯ ಶರ್ವಾಣಿಗೆ ಹತ್ತಿಕೊಂಡದ್ದು ಆಮೇಲೆ. ಚಳಿಗಾಲ ಕಳೆದು ಸೆಕೆ ಶುರುವಾದ ಒಂದು ಸಂಜೆ, ಕೃತಿ ಟ್ಯೂಷನ್ನಿಗೆ ಹೋಗಿದ್ದಾಗ, ಲಾಂಡ್ರಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ಗೋಡೆಯ ಆಚೆ ಸಿಮೆಂಟಿನ ಮೇಲೆ ಗೋಣಿ ಎಳೆದ ಹಾಗೆ ಕೇಳಿಸಿತು. ಕೈ ನಿಂತಿತು. ಮರಿಗಳು ಚಳಿಗಾಲ ದಾಟುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಹಾಗೆ ಹೇಳಿಕೊಂಡಳು. ಮತ್ತೆ ಕೇಳಿಸಿತು. ಅವಳು ಅಡಿಲೇಡ್‌ಗೆ ಫೋನ್ ಮಾಡಿದಳು.

"ಗ್ಯಾರೇಜಲ್ಲಿ ಏನೋ ಇದೆ ಅನ್ಸತ್ತೆ. ಇರಲ್ಲ, ನನಗೆ ಗೊತ್ತು. ಆದ್ರೂ..."

ಏನೂ ಇರಲ್ಲ ಅಂತ ಕೌಸ್ತುಭ ಹೇಳಲಿಲ್ಲ. "ವಿಡಿಯೋ ಹಾಕು. ಬೂಟು ಹಾಕ್ಕೊಂಡು ಹೋಗು. ದೊಡ್ಡ ಬಾಗಿಲು ತೆಗಿ, ಬೆಳಕು ಬರ್ಲಿ" ಅಂದ.

ಅವಳು ಬಾಗಿಲು ತೆಗೆದಳು. ಎದುರುಮನೆಯವರು ಹುಲ್ಲಿಗೆ ನೀರು ಬಿಡುತ್ತಿದ್ದರು. ಫೋನಿನಲ್ಲಿ ಅವನ ಮುಖ ಪರದೆಗೆ ತೀರ ಹತ್ತಿರವಿತ್ತು.

"ಈಗ ಎಡಗಡೆಯಿಂದ ಶುರುಮಾಡು" ಅಂದ. "ಒಂದೊಂದೇ ಡಬ್ಬಿ ಸರಿಸು. ನಿಧಾನ. ನಾನು ನೋಡ್ತಾ ಇರ್ತೀನಿ."